ಹನ್ನೊಂದು ಸಾಲು ನೀರು

ಮುರದಡ್ಕದಲ್ಲಿ ಮಳೆಗಾಲ ಮುಗಿಯಿತೆಂದು ತಿಳಿಯಲು ಯಾರೂ ಆಕಾಶ ನೋಡುತ್ತಿರಲಿಲ್ಲ. ಲೆಸ್ಲಿ ಡಿಸೋಜನ ಪಂಪು ಕೇಳಿಸಿದರೆ ಮಳೆಗಾಲ ಮುಗಿದ ಹಾಗೆ. ಸೆಪ್ಟೆಂಬರಿನ ಕೊನೆಗೆ ಒಂದು ಬೆಳಿಗ್ಗೆ ಡೀಸೆಲ್ ಇಂಜಿನು ಎರಡು ಸಲ ಕೆಮ್ಮಿ ಆಮೇಲೆ ಡಬಡಬ ಎಂದು ಹಿಡಿದುಕೊಂಡಿತೆಂದರೆ, ಗುಡ್ಡೆಯ ಮೇಲಿನ ಮೂವತ್ತೆರಡು ಮನೆಗಳಲ್ಲಿ ಗಂಡಸರು ಪಿಕ್ಕಾಸಿಗೆ ಹೊಸ ಹಿಡಿ ಹಾಕಲು ಶುರುಮಾಡುತ್ತಿದ್ದರು. ಮಳೆಗೆ ತುಂಬಿದ ಕಲ್ಲುಕೋರೆಯ ಹೊಂಡದ ನೀರು ಖಾಲಿಯಾಗಬೇಕು, ಆಗ ಕಲ್ಲು. ಕಲ್ಲು ಎದ್ದರೆ ಲಾರಿ. ಲಾರಿ ಬಂದರೆ ಅಕ್ಕಿ, ಮೀನು, ಮಕ್ಕಳ ಪುಸ್ತಕ, ಮದುವೆ, ಮದ್ದು, ಎಲ್ಲವೂ.

ಬದಿಯಡ್ಕದಿಂದ ಜೀಪಿನಲ್ಲಿ ಅರ್ಧ ಗಂಟೆಯ ದಾರಿ. ಮೇಲೆ ಒಂದು ಬೆರಳು ಮಣ್ಣು, ಕೆಳಗೆಲ್ಲ ಕೆಂಪು ಮುರಕಲ್ಲು. ಇಪ್ಪತ್ತೆರಡು ವರ್ಷದ ಹಿಂದೆ ಕೃಷ್ಣಕುಮಾರನೆಂಬ ಕಂತ್ರಾಟುದಾರ ಈಶ್ವರಪ್ರಸಾದ ಭಟ್ಟರ ಜಾಗವನ್ನು ಗೇಣಿಗೆ ಹಿಡಿದು ಕಲ್ಲು ಕಡಿಸಲು ಬಂದಾಗ ಅಲ್ಲಿ ಇದ್ದದ್ದು ನಾಲ್ಕು ಗೇರುಮರ ಮಾತ್ರ. ಆಮೇಲೆ ಕಡಿಯುವವರು ಬಂದರು, ಹೊರುವವರು ಬಂದರು, ಪಿಕ್ಕಾಸು ಹದ ಮಾಡುವ ಕಮ್ಮಾರ ಬಂದ, ಚಾ ಹೋಟೆಲು ಬಂತು. ಹಾಗೆ ಅದೊಂದು ಊರಾಯಿತು. ಊರಿನ ಮನೆಗಳೆಲ್ಲ ಮುಕ್ಕು ಕಲ್ಲಿನವು. ಮೂಲೆ ಹಾರಿದ ಕಲ್ಲು, ನಡು ಮುರಿದ ಕಲ್ಲು, ಇವನ್ನು ಶನಿವಾರ ಸಂಜೆ ಕೆಲಸದವರು ಎಷ್ಟು ಬೇಕಾದರೂ ಹೊತ್ತುಕೊಂಡು ಹೋಗಬಹುದು ಎಂಬುದು ಕೋರೆಯ ಕ್ರಮವಾಗಿತ್ತು. ಇಡೀ ಕಲ್ಲು ಮಾತ್ರ ಲಾರಿಗೆ. ಹಾಗಾಗಿ ಮಂಗಳೂರಿನವರೆಗೂ ಎಷ್ಟೋ ದೊಡ್ಡ ಮನೆಗಳ ಗೋಡೆ ಮುರದಡ್ಕದ ಕಲ್ಲಿನಿಂದ ನೇರವಾಗಿ ನಿಂತಿದ್ದವು. ಮುರದಡ್ಕದ ಗೋಡೆಗಳು ಮಾತ್ರ ಹಲ್ಲು ಬಿದ್ದ ಬಾಯಿಯ ಹಾಗಿದ್ದವು.

ನೀರಿನ ವಿಷಯದಲ್ಲಂತೂ ಈ ಊರಿನವರಷ್ಟು ಪೆದ್ದರು ಬೇರೆಲ್ಲೂ ಇರಲಿಕ್ಕಿಲ್ಲ. ಸೆಪ್ಟೆಂಬರಿನಲ್ಲಿ ಡೀಸೆಲ್ ಸುಟ್ಟು ಹೊಂಡದ ನೀರನ್ನು ಗುಡ್ಡೆಯ ಆಚೆಗೆ ಚೆಲ್ಲುವುದು, ಮಾರ್ಚಿನಲ್ಲಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವುದು. ಇಪ್ಪತ್ತೆರಡು ವರ್ಷ ಇದೇ ನಡೆಯಿತು. ಚೆಲ್ಲಿದ್ದೂ ನೀರೇ, ಓಡಿದ್ದೂ ನೀರಿಗೇ ಎಂದು ಒಬ್ಬರ ತಲೆಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಹೊಂಡದ ನೀರೆಂದರೆ ಕಲ್ಲಿಗೆ ಅಡ್ಡ ಬಂದ ವಸ್ತು. ಅದನ್ನು ಹಾಗೆಯೇ ಬಿಟ್ಟರೆ ಬೇಸಗೆಯಲ್ಲಿ ಎಷ್ಟು ಉಳಿಯುತ್ತದೆ ಎಂದು ಕಂಡವರೇ ಇರಲಿಲ್ಲ.

ಲೆಸ್ಲಿಗೆ ಊರಿನಲ್ಲಿ ಒಂದು ಹೆಸರಿತ್ತು, ಆ ಹೆಸರಿನ ಮೇಲೆ ಅವನಿಗೆ ಭಾರೀ ಪ್ರೀತಿಯೂ ಇತ್ತು. ಬೇರೆ ಕೋರೆಗಳಲ್ಲಿ ಹೊಂಡ ಖಾಲಿಯಾಗಲು ಮೂರು ವಾರ ಹಿಡಿದರೆ ಪಂಪು ಲೆಸ್ಲಿಗೆ ಒಂಬತ್ತು ದಿನ ಸಾಕು. ಅದೇ ಜಾತಿಯ ಇಂಜಿನು, ಅದೇ ಅಳತೆಯ ಪೈಪು. ನೀರ್ಚಾಲಿನ ಕಡೆಯ ಕೋರೆಯವರು ಬಂದು ಇಂಜಿನಿಗೆ ಒಂದು ಸುತ್ತು ಹಾಕಿ, ತಲೆ ಕೆರೆದುಕೊಂಡು ಹೋಗಿದ್ದರು. ಗುಟ್ಟೇನೆಂದು ಕೇಳಿದರೆ ಅವನು ಮೀಸೆಯ ತುದಿ ತಿರುವಿ, ಎಲ್ಲ ಕೈಗುಣ ಎನ್ನುತ್ತಿದ್ದ. ಹೆಂಡತಿ ಪೆಟ್ರೋನಿಲ್ಲಾ ನಡೆಸುತ್ತಿದ್ದ ಚಾ ಹೋಟೆಲಿನಲ್ಲಿ ಈ ಕೈಗುಣದ ಕಥೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಉದ್ದವಾಗುತ್ತಿತ್ತು. ಅವಳು ದೋಸೆ ಮಗುಚುತ್ತಾ ಸುಮ್ಮನಿರುತ್ತಿದ್ದಳು.

ಗುಟ್ಟು ಇದ್ದದ್ದು ಹೊಂಡದ ಪಡುವಣ ಮೂಲೆಯಲ್ಲಿ. 2009ರ ಮೇ ತಿಂಗಳಲ್ಲಿ, ಪಂಪಿನ ಪೈಪು ಇಳಿಸಲು ತಳದಲ್ಲಿ ಗುಂಡಿ ತೋಡುವಾಗ, ಲೆಸ್ಲಿಯ ಪಿಕ್ಕಾಸಿನ ಅಡಿಯಲ್ಲಿ ಕಲ್ಲು ಟೊಳ್ಳು ಸದ್ದು ಮಾಡಿತು. ಯಾವ ಕಾಲದಲ್ಲೋ ಯಾರೋ ಗುಡ್ಡೆಯ ಕೆಳಬದಿಯಿಂದ ನೀರು ಹುಡುಕಿ ಸುರಂಗ ಕೊರೆದು, ನೀರು ಸಿಗದೆ ಬಿಟ್ಟು ಹೋಗಿದ್ದರು. ಆ ಸುರಂಗದ ತುದಿ ಹೊಂಡದ ಮೂಲೆಗೆ ಬಂದು ನಿಂತಿತ್ತು. ನಡುವೆ ಉಳಿದದ್ದು ಒಂದು ಮೊಳ ಕಲ್ಲು. ಲೆಸ್ಲಿ ಸುತ್ತ ನೋಡಿದ. ಯಾರೂ ಇರಲಿಲ್ಲ. ಮುಷ್ಟಿಯಷ್ಟು ಅಗಲದ ಒಂದು ತೂತು ಕೊರೆದ. ಸುರಂಗದ ಕಡೆಯಿಂದ ಅದಕ್ಕೆ ಹಲಸಿನ ಮರದ ಬೆಣೆ ಹೊಡೆದು, ಬೆಣೆಗೆ ಒಂದು ಗೂಟ ಒತ್ತು ಕೊಟ್ಟ. ಮಳೆಗಾಲ ಕಳೆದ ಮೇಲೆ ಪೊದೆಗಳ ನಡುವೆ ನುಸುಳಿ ಸುರಂಗ ಹೊಕ್ಕು ಗೂಟಕ್ಕೆ ಒಂದು ಒದೆ ಕೊಟ್ಟರೆ ಬೆಣೆ ಹಾರಿಹೋಗುತ್ತಿತ್ತು, ಅದರ ಹಿಂದೆಯೇ ನೀರು.

ಅಂದಿನಿಂದ ಮೇಲೆ ಇಂಜಿನು, ಕೆಳಗೆ ತೂತು. ಇಂಜಿನಿನ ಸದ್ದಿಗೆ ಊರು ತಲೆದೂಗುವುದು, ನೀರು ಸದ್ದಿಲ್ಲದೆ ಹಿಂಬಾಗಿಲಿನಿಂದ ಜಾರುವುದು. ಹೊಂಡ ಖಾಲಿಯಾದ ಮೇಲೆ ಲೆಸ್ಲಿ ತೂತಿನ ಮೇಲೆ ಒಂದು ಚಪ್ಪಡಿ ಎಳೆದು, ಮೇ ತಿಂಗಳಲ್ಲಿ ಮತ್ತೆ ಬೆಣೆ ಹೊಡೆಯುತ್ತಿದ್ದ. ಮಳೆಗಾಲದಲ್ಲಿ ಹೊಂಡ ತುಂಬದಿದ್ದರೆ ಪಂಪಿನವನನ್ನು ಯಾರು ಕೇಳುತ್ತಾರೆ? ಅವನೇನೂ ಯಾರ ಗಂಟನ್ನೂ ಹೊಡೆಯಲಿಲ್ಲ, ಡೀಸೆಲ್ ಕೂಡ ಕದಿಯಲಿಲ್ಲ. ಬರೀ ಹೆಸರಿನ ಆಸೆಗೆ ಬಿದ್ದ ಮನುಷ್ಯ. ಆದರೆ ಆ ಆಸೆಗೆ ಏಳು ವರ್ಷ ತುಂಬಿದಾಗ, ಸುಳ್ಳು ಯಾವುದು ತಾನು ಯಾವುದು ಎಂದು ಅವನಿಗೇ ಬೇರ್ಪಡಿಸಲು ಬಾರದಾಗಿತ್ತು.

2016ರ ಏಪ್ರಿಲಿನಲ್ಲಿ ಹೊಂಡದ ತಳದಲ್ಲಿ ಶೇಡಿ ಮಣ್ಣು ಕಂಡಿತು. ಬಿಳಿ, ನುಣ್ಣಗೆ, ಕೈಯಲ್ಲಿ ಹಿಡಿದರೆ ಬೆಣ್ಣೆಯಂಥ ಮಣ್ಣು. ಕೋರೆಯವರಿಗೆ ಅದನ್ನು ಕಂಡರಾಗದು, ಏಕೆಂದರೆ ಶೇಡಿ ಬಂತೆಂದರೆ ಅದರ ಕೆಳಗೆ ಕಲ್ಲಿಲ್ಲ. ಮಿಶನಿನಲ್ಲಿ ಕಲ್ಲು ಕಡಿಯುವ ಮುದ್ದಣ್ಣ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಹತ್ತು ಕಡೆ ಅಗೆದು ನೋಡಿದ. ಹತ್ತು ಕಡೆಯೂ ಬಿಳಿ. ಮೇ ತಿಂಗಳ ಕೊನೆಗೆ ಕೃಷ್ಣಕುಮಾರ ಮಿಶನುಗಳನ್ನು ಲಾರಿಗೆ ಏರಿಸಿ, ಎಲ್ಲರ ಕೈ ಹಿಡಿದು ಮಾತಾಡಿ, ಹಳೆಯ ಪಂಪನ್ನು ಲೆಸ್ಲಿಗೇ ಇರಲಿ ಎಂದು ಬಿಟ್ಟು ಹೊರಟುಹೋದ.

ಮಳೆಗಾಲದಲ್ಲಿ ಏಳು ಮನೆಗಳಿಗೆ ಬೀಗ ಬಿತ್ತು. ಮುದ್ದಣ್ಣ ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಲಸ ಹಿಡಿದು ಬೆಳಿಗ್ಗೆ ಹೋಗಿ ಸಂಜೆ ಬರತೊಡಗಿದ. ಕಲ್ಲು ಹೊರುತ್ತಿದ್ದ ಕುಂಞ, ಸೊಂಟ ಹೋದ ಮನುಷ್ಯ, ಎಲ್ಲಿಗೂ ಹೋಗಲಾರದೆ ಹೋಟೆಲಿನ ಬೆಂಚಿನಲ್ಲಿ ಕೂತು ಒಂದು ಚಾವನ್ನು ಎರಡು ಗಂಟೆ ಕುಡಿಯುತ್ತಿದ್ದ. ಸೆಪ್ಟೆಂಬರಿನ ಕೊನೆ ಬಂತು. ಇಂಜಿನು ಸದ್ದು ಮಾಡಲಿಲ್ಲ. ಗೂಟಕ್ಕೆ ಒದೆಯುವ ಕೆಲಸವೂ ಇರಲಿಲ್ಲ. ಲೆಸ್ಲಿ ಬೆಳಿಗ್ಗೆ ಎದ್ದು ಹೊಂಡದ ಅಂಚಿನಲ್ಲಿ ಕೈ ಕಟ್ಟಿ ನಿಂತು, ಏನು ಮಾಡುವುದೆಂದು ತೋಚದೆ ಮನೆಗೆ ಮರಳುತ್ತಿದ್ದ.

ಅಕ್ಟೋಬರಿನಲ್ಲಿ ಜಾಗದ ಯಜಮಾನರು, ಈಶ್ವರಪ್ರಸಾದ ಭಟ್ಟರು, ಸ್ಕೂಟರಿನಲ್ಲಿ ಬಂದು ಹೋಟೆಲಿನ ಬೆಂಚಿನಲ್ಲಿ ಕೂತರು. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಕೆಟ್ಟವರೇನಲ್ಲ, ಆದರೆ ಮಾತು ಕಡಿಮೆ. ಹೊಸಂಗಡಿಯ ಒಬ್ಬ ಪಾರ್ಟಿ ಬಂದಿದ್ದಾನೆ, ಹಳೆಯ ಕಟ್ಟಡ ಒಡೆದ ಕಸವನ್ನೆಲ್ಲ ತಂದು ಹೊಂಡ ತುಂಬಿಸಿ ಮಟ್ಟ ಮಾಡಿ ಕೊಡುತ್ತಾನಂತೆ, ತೆರೆದ ಹೊಂಡಕ್ಕೆ ನಾಳೆ ಮಕ್ಕಳೋ ದನವೋ ಬಿದ್ದರೆ ಯಾರು ಉತ್ತರ ಹೇಳುವುದು, ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಚಾ ತಂದಿಟ್ಟ ಪೆಟ್ರೋನಿಲ್ಲಾ ಅಲ್ಲಿಂದ ಕದಲಲಿಲ್ಲ. ಅವಳು ಊರಿನ ಕುಟುಂಬಶ್ರೀಯ ಅಧ್ಯಕ್ಷೆ. ಹನ್ನೆರಡು ಹೆಂಗಸರ ಸಂಘ. ಹೊಂಡದಲ್ಲಿ ಈಗ ಇರುವ ನೀರನ್ನು ತಮಗೆ ಬಿಟ್ಟುಕೊಡಬೇಕು ಎಂದಳು. ಅಡ್ಕದ ಬರೀ ಕಲ್ಲಿನ ಮೇಲೆ ಮಣ್ಣು ಹಾಕಿ ಸೌತೆ, ಅಲಸಂಡೆ, ಬೆಂಡೆ ಮಾಡುತ್ತೇವೆ, ಎರಡು ಮನೆಯವರು ದನ ಕಟ್ಟುತ್ತಾರೆ, ಹೊಂಡದ ಸುತ್ತ ಬೇಲಿ ನಾವೇ ಹಾಕುತ್ತೇವೆ, ಕುಡಿಯುವ ನೀರಿಗೆ ಟ್ಯಾಂಕರು ಕಾಯುವುದೂ ತಪ್ಪುತ್ತದೆ, ಎಂದು ಒಂದೇ ಉಸಿರಿಗೆ ಹೇಳಿದಳು. ಇದನ್ನೆಲ್ಲ ಅವಳು ಯಾವಾಗ ಯೋಚಿಸಿದಳೆಂದು ಲೆಸ್ಲಿಗೇ ಗೊತ್ತಿರಲಿಲ್ಲ.

ಭಟ್ಟರು ನಕ್ಕರು. ಮುರಕಲ್ಲಿನ ಹೊಂಡ ಜರಡಿಯಿದ್ದ ಹಾಗೆ, ಶಿವರಾತ್ರಿಗೆ ಒಣಗಿ ಬಿರುಕು ಬಿಡುತ್ತದೆ ಎಂದರು. ಆಮೇಲೆ ಸ್ವಲ್ಪ ಯೋಚಿಸಿ ಲೆಸ್ಲಿಯ ಕಡೆ ತಿರುಗಿ, ಆ ಕಡೆ ಕ್ರೈಸ್ತರನ್ನು ಕರೆಯುವ ಮರ್ಯಾದೆಯಲ್ಲೇ ಕೇಳಿದರು.

"ಪೊರ್ಬುಗಳೇ, ಈ ಹೊಂಡದ ನೀರಿನ ಮರ್ಮ ನಿಮಗಿಂತ ಹೆಚ್ಚು ಗೊತ್ತಿರುವವರು ಇಲ್ಲ. ನೀವೇ ಹೇಳಿ. ನಿಲ್ತದಾ?"

ಎಲ್ಲರೂ ಅವನನ್ನೇ ನೋಡಿದರು. ಲೆಸ್ಲಿಗೆ ತೂತಿನ ನೆನಪು ಆಯಿತು. ಬೆಣೆ ಗಟ್ಟಿ ಉಂಟಲ್ಲ ಎಂದೂ ನೆನಪಾಯಿತು. ಮೀಸೆಗೆ ಕೈ ಹಾಕಿ, "ನಿಲ್ತದೆ ಭಟ್ರೇ. ನಾನು ಹೇಳಿದ ಮೇಲೆ ನಿಲ್ತದೆ" ಎಂದುಬಿಟ್ಟ.

ಭಟ್ಟರು ಒಪ್ಪಿದರು. ಏಪ್ರಿಲ್ ನಡುವಿಗೆ ಬಿಸು ಹಬ್ಬದ ದಿನ ಬಂದು ನೋಡುತ್ತೇನೆ, ನಾಲ್ಕು ಸಾಲು ನೀರಿದ್ದರೆ ಹೊಂಡ ಸಂಘಕ್ಕೆ, ಇಲ್ಲದಿದ್ದರೆ ಮರುದಿನವೇ ಲಾರಿ, ಎಂದರು. ಸಾಲು ಎಂದರೆ ಕೋರೆಯವರ ಅಳತೆ. ಒಂದೊಂದು ವರಸೆ ಕಲ್ಲು ಎದ್ದಾಗಲೂ ಹೊಂಡದ ಗೋಡೆಯಲ್ಲಿ ಒಂದು ಗೆರೆ ಉಳಿಯುತ್ತದೆ. ಮೇಲಿನಿಂದ ಕೆಳಗಿನವರೆಗೆ ಗೋಡೆಯೆಲ್ಲ ಗೆರೆ ಎಳೆದ ಪುಸ್ತಕ. ಆ ವರ್ಷ ಮಳೆ ತೀರ ಕಡಿಮೆ, ಆದರೂ ನೀರು ಇಪ್ಪತ್ತನಾಲ್ಕು ಸಾಲು ನಿಂತಿತ್ತು.

ಲೆಸ್ಲಿಯ ಮಾತನ್ನು ನಂಬಿ ಹೆಂಗಸರು ಕೆಲಸಕ್ಕೆ ಇಳಿದರು. ಪಿಕಪ್ಪಿನಲ್ಲಿ ಮಣ್ಣು ಬಂತು, ಸೊಪ್ಪು ಸೆಗಣಿ ಬಿತ್ತು, ಕೆಂಪು ಕಲ್ಲಿನ ಮೇಲೆ ಮೊಣಕಾಲು ಎತ್ತರದ ಏರಿಗಳು ಎದ್ದವು. ಬೀಗ ಹಾಕಿ ಹೋಗಿದ್ದ ಎರಡು ಮನೆಯವರು ಸುದ್ದಿ ಕೇಳಿ ವಾಪಸು ಬಂದರು. ಕುಂಞ ಬೆಂಚು ಬಿಟ್ಟೆದ್ದು ಬೇಲಿಗೆ ಗೂಟ ಕೆತ್ತತೊಡಗಿದ. ಡಿಸೆಂಬರಿನ ಮೊದಲ ವಾರ ಸೌತೆ ಬಳ್ಳಿ ಹೂ ಬಿಟ್ಟಿತು. ಲೆಸ್ಲಿ ದಿನಾ ಬೆಳಿಗ್ಗೆ ಸಾಲು ಎಣಿಸಿ ಹೋಟೆಲಿನಲ್ಲಿ ಘೋಷಿಸುತ್ತಿದ್ದ. ಇಪ್ಪತ್ತಮೂರು. ಇಪ್ಪತ್ತಮೂರೇ. ಇಪ್ಪತ್ತೆರಡೂವರೆ. ಹೆಸರು ಮತ್ತೆ ಚಿಗುರುತ್ತಿತ್ತು.

ಕ್ರಿಸ್ಮಸಿನ ಹಿಂದಿನ ವಾರ ಎಣಿಸಿದಾಗ ಇಪ್ಪತ್ತೊಂದು. ಮೂರು ದಿನ ಬಿಟ್ಟು ಇಪ್ಪತ್ತು. ಮತ್ತೆ ಮೂರು ದಿನಕ್ಕೆ ಹತ್ತೊಂಬತ್ತು. ಹೋಟೆಲಿನಲ್ಲಿ ಲೆಸ್ಲಿ ಇಪ್ಪತ್ತೊಂದೇ ಎಂದ.

ಆ ಮಧ್ಯಾಹ್ನ ಯಾರ ಕಣ್ಣಿಗೂ ಬೀಳದೆ ಗುಡ್ಡೆ ಇಳಿದು ಸುರಂಗ ಹೊಕ್ಕ. ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು. ಬೆಣೆ ಇದ್ದಲ್ಲೇ ಇತ್ತು, ಅದರದೇನೂ ತಪ್ಪಿಲ್ಲ. ಏಳು ವರ್ಷ ನುಗ್ಗಿದ ನೀರು ತೂತಿನ ಸುತ್ತಲ ಕಲ್ಲನ್ನೇ ತಿಂದುಹಾಕಿತ್ತು, ಈಗ ಬೆಣೆಯ ಸುತ್ತ ನಾಲ್ಕೂ ಕಡೆಯಿಂದ ಚಿಮ್ಮುತ್ತಿತ್ತು. ಗೋಣಿ ತುರುಕಿದ. ನೀರು ಅದನ್ನು ಉಗುಳಿತು. ಶೇಡಿ ಮೆತ್ತಿದ. ಕೈಯಿಂದ ತೊಳೆದುಕೊಂಡು ಹೋಯಿತು. ಕ್ರಿಸ್ಮಸ್ ಕಳೆದು ಹೊಸ ವರ್ಷದವರೆಗೆ ನಾಲ್ಕು ದಿನ ಒಬ್ಬನೇ ಹೋಗಿ ಬಂದ. ಕಾಡಿಗೆ ಕಟ್ಟಿಗೆಗೆಂದು ಹೋದವನು ಮೈಯೆಲ್ಲ ಕೆಸರಾಗಿ ಬರಿಗೈಯಲ್ಲಿ ಬರುವುದನ್ನು ಪೆಟ್ರೋನಿಲ್ಲಾ ನೋಡಿದಳು, ಬಿಸಿನೀರು ಕಾಯಿಸಿ ಕೊಟ್ಟಳು, ಏನೂ ಕೇಳಲಿಲ್ಲ.

ಒಬ್ಬನ ಕೈಯಲ್ಲಿ ಆಗುವ ಕೆಲಸ ಅದಲ್ಲ. ಸುರಂಗಕ್ಕೆ ಅಡ್ಡವಾಗಿ ಗೋಡೆಯನ್ನೇ ಕಟ್ಟಬೇಕು, ಅದಕ್ಕೆ ಹತ್ತು ಜನ ಬೇಕು, ಹತ್ತು ಜನರನ್ನು ಕರೆಯಬೇಕಾದರೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಪಂಪು ಲೆಸ್ಲಿ ಎಂಬವನು ಅಲ್ಲಿಗೆ ಮುಗಿದ. ಬಿಡದಿದ್ದರೆ ಫೆಬ್ರವರಿಯೊಳಗೆ ಹೊಂಡ ಮುಗಿಯುತ್ತದೆ, ಆಗ ಭಟ್ಟರು ಹೇಳಿದ್ದೇ ಸರಿ, ಮುರಕಲ್ಲು ಜರಡಿ ಎಂದು ಎಲ್ಲರೂ ತಿಳಿದುಕೊಳ್ಳುತ್ತಾರೆ. ಅವನ ಮೇಲೆ ಯಾರಿಗೂ ಸಂಶಯ ಬಾರದು. ಕೆಟ್ಟ ಯೋಚನೆಯೇ, ಆದರೂ ಎರಡು ದಿನ ಅವನು ಅದನ್ನು ಮನಸ್ಸಿನಲ್ಲಿ ಮಗುಚಿ ಹಾಕಿದ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಅವನನ್ನು ಸೋಲಿಸಿದ್ದು ಕುಂಞ. ಜನವರಿಯ ಎರಡನೇ ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಲೆಸ್ಲಿ ಹೋಟೆಲಿಗೆ ಬಂದಾಗ ಕುಂಞ ಮೊದಲ ಸೌತೆಕಾಯಿಯನ್ನು ಬಾಳೆಎಲೆಯಲ್ಲಿಟ್ಟುಕೊಂಡು ಕಾಯುತ್ತಿದ್ದ. ನೀರು ನಿಲ್ಲುತ್ತದೆ ಎಂದು ಮೊದಲು ಹೇಳಿದವರು ನೀವು, ಹಾಗಾಗಿ ಮೊದಲನೆಯದು ನಿಮಗೇ ಎಂದು ಎರಡೂ ಕೈಯಿಂದ ಕೊಟ್ಟ. ಇಪ್ಪತ್ತು ವರ್ಷ ಕಲ್ಲು ಹೊತ್ತು ಬಾಗಿದ ಬೆನ್ನು, ಮುಖದಲ್ಲಿ ನಗು. ಲೆಸ್ಲಿ ಸೌತೆಕಾಯಿ ಹಿಡಿದು ನಿಂತ. ಅವನ ಕಣ್ಣಿನಲ್ಲಿ ನೀರು ಬಂತು.

"ಇಪ್ಪತ್ತೊಂದು ಸಾಲು ಇಲ್ಲ ಮಾರಾಯ," ಎಂದ. "ಹದಿನಾರೇ ಇರುವುದು. ಹೊಂಡಕ್ಕೆ ತೂತು ಉಂಟು. ಕೊರೆದದ್ದು ನಾನು."

ಆಮೇಲೆ ಎಲ್ಲವನ್ನೂ ಹೇಳಿದ. ಸುರಂಗ, ಬೆಣೆ, ಗೂಟ, ಒಂಬತ್ತು ದಿನ, ಕೈಗುಣ. ಹೋಟೆಲಿನಲ್ಲಿ ಹದಿನೈದು ಜನರಿದ್ದರು. ಮುದ್ದಣ್ಣನ ಮುಖ ಕೆಂಪಾಯಿತು. ಪ್ರತಿ ವರ್ಷ ಇಂಜಿನಿಗೆ ಮೊದಲ ಕೈ ಹಾಕುವ ದಿನ ಹೂ ಮುಡಿಸಿ ಅಗರಬತ್ತಿ ಹಚ್ಚುತ್ತಿದ್ದವನು ಅವನು. ಸಂಘದ ಅಮ್ಮು, ಮಗಳ ಬಳೆ ಅಡವಿಟ್ಟು ಮಣ್ಣು ತರಿಸಿದವಳು, ತಲೆಯ ಮೇಲೆ ಕೈ ಹೊತ್ತು ಬೆಂಚಿನಲ್ಲಿ ಕುಸಿದಳು.

ಒಲೆಯ ಹತ್ತಿರದಿಂದ ಪೆಟ್ರೋನಿಲ್ಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಏಳು ವರ್ಷ ಆ ಸುರಂಗದ ನೀರಿನಲ್ಲೇ ನಾನು ಬಟ್ಟೆ ಒಗೆದದ್ದು," ಎಂದಳು. "ಮೇಲೆ ನಿಮ್ಮ ಇಂಜಿನು ಹೊಡ್ಕೊಳ್ತದೆ, ಕೆಳಗೆ ಸುರಂಗದಲ್ಲಿ ನೀರು ಬರ್ತದೆ. ಇಂಜಿನು ನಿಂತ ದಿನ ಅದೂ ನಿಲ್ತದೆ. ನನಗೆ ಅಷ್ಟೂ ಗೊತ್ತಾಗುದಿಲ್ವಾ?"

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದ್ದು ಅಮ್ಮು. ಪೆಟ್ರೋನಿಲ್ಲಾ ಗಂಡನ ಕಡೆ ನೋಡಿ, ಇವರಿಗೆ ಇದ್ದದ್ದೇ ಅದೊಂದು, ಅದನ್ನು ನಾನು ಹೇಗೆ ಕಿತ್ತುಕೊಳ್ಳಲಿ ಎಂದಳು. ಬೆಣೆ ಗಟ್ಟಿಯಿದೆಯೆಂದು ತಾನೂ ನಂಬಿದ್ದೆ, ಹಾಗಾಗಿ ತಪ್ಪಿನಲ್ಲಿ ತನಗೂ ಪಾಲು ಉಂಟು ಎಂದೂ ಹೇಳಿದಳು.

ಮೊದಲು ನಕ್ಕದ್ದು ಮುದ್ದಣ್ಣ. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ತೂತಿಗೆ ನಾನು ಏಳು ವರ್ಷ ಅಗರಬತ್ತಿ ಹಚ್ಚಿದೆನಲ್ಲ ಎಂದು ಹೊಟ್ಟೆ ಹಿಡಿದುಕೊಂಡ. ನೀರ್ಚಾಲಿನವರು ಇಂಜಿನಿಗೆ ಸುತ್ತು ಹಾಕಿದ್ದು ಯಾರಿಗೋ ನೆನಪಾಯಿತು, ಅಲ್ಲಿಗೆ ಹೋಟೆಲೇ ನಕ್ಕಿತು. ಲೆಸ್ಲಿಗೆ ಆ ನಗು ಚುಚ್ಚಿತು; ಆದರೆ ಎಷ್ಟೋ ವರ್ಷದ ಹೊರೆ ಇಳಿದ ಹಾಗೆ ಹೆಗಲು ಹಗುರಾದದ್ದೂ ಸುಳ್ಳಲ್ಲ. ಅಮ್ಮು ಮಾತ್ರ ನಗಲಿಲ್ಲ. ನಕ್ಕದ್ದು ಸಾಕು, ಗೋಡೆ ಯಾವಾಗ ಕಟ್ಟುವುದು ಎಂದು ಎದ್ದು ನಿಂತಳು.

ಕಲ್ಲು ಕಡಿಯುವವರ ಊರಿಗೆ ಗೋಡೆ ಕಟ್ಟುವುದು ಗೊತ್ತಿಲ್ಲದ ಕೆಲಸವಲ್ಲ. ಮುದ್ದಣ್ಣ ಎರಡು ದಿನ ರಜೆ ಹಾಕಿದ. ಹೊಂಡದ ಮೂಡುಬದಿಯಲ್ಲಿ ಮಿಶನು ತಿರುಗಲಾರದೆ ಬಿಟ್ಟಿದ್ದ ಒಂದಿಷ್ಟು ಕಲ್ಲಿತ್ತು. ಅದನ್ನು ಹಳೆಯ ಕ್ರಮದಲ್ಲಿ ಬರೀ ಪಿಕ್ಕಾಸಿನಿಂದ ಕಡಿದು ನೂರೈದು ಕಲ್ಲು ಎಬ್ಬಿಸಿದ. ಒಂದೂ ಮುಕ್ಕಾಗಲಿಲ್ಲ. ಸುರಂಗದಲ್ಲಿ ಇಬ್ಬರಿಗಿಂತ ಹೆಚ್ಚು ಜನ ನಿಲ್ಲಲಾಗದು; ಹಾಗಾಗಿ ಗುಡ್ಡೆಯ ತಲೆಯಿಂದ ಸುರಂಗದ ಬಾಯಿಯವರೆಗೆ ಗಂಡಸರು ಹೆಂಗಸರು ಸಾಲು ನಿಂತು ಕಲ್ಲನ್ನು ಕೈಯಿಂದ ಕೈಗೆ ದಾಟಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಮುರದಡ್ಕದವರು ತಮಗಾಗಿ ಇಡೀ ಕಲ್ಲಿನ ಗೋಡೆ ಕಟ್ಟಿದ್ದು ಅದೇ ಮೊದಲು.

ಎರಡು ಗೋಡೆ, ನಡುವೆ ಎರಡು ಅಡಿ ಜಾಗ, ಆ ಜಾಗದಲ್ಲಿ ತುಂಬಲು ಶೇಡಿ. ಗೋಡೆ ಏಳುವವರೆಗೆ ಹರಿಯುವ ನೀರಿಗೆ ದಾರಿ ಬೇಕಲ್ಲ, ಅದಕ್ಕೆ ತಳದಲ್ಲಿ ಒಂದು ಕಬ್ಬಿಣದ ಪೈಪು, ಪೈಪಿನ ತುದಿಗೆ ಮುಚ್ಚಿ ತೆರೆಯುವ ವಾಲ್ವು. ಪೈಪಿಗೆ ಬದಿಯಡ್ಕಕ್ಕೆ ಹೋಗುವ ಎಂದು ಯಾರೋ ಅಂದಾಗ ಲೆಸ್ಲಿ ಬೇಡ ಎಂದ. ಮನೆಗೆ ಹೋಗಿ ತನ್ನ ಪಂಪಿನ ಬೋಲ್ಟು ಬಿಚ್ಚಿ ಪೈಪನ್ನೂ ವಾಲ್ವನ್ನೂ ಕಳಚಿ ಹೆಗಲ ಮೇಲೆ ಹೊತ್ತು ತಂದ. ಮೊದಲ ಬೋಲ್ಟು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು, ಉಳಿದವು ಸಲೀಸಾಗಿ ಬಂದವು.

ಶೇಡಿಯನ್ನು ಕಲಸಿ ತುಳಿದು ಮುದ್ದೆ ಮಾಡಿದ್ದು ಹೆಂಗಸರು. ಕೋರೆಯನ್ನು ಕೊಂದ ಮಣ್ಣೇ ಈಗ ಬೇಕಾಯಿತಲ್ಲ ಎಂದು ಕುಂಞ ಗೊಣಗಿದ. ಅದನ್ನು ತುಳಿಯುತ್ತಿದ್ದ ಪೆಟ್ರೋನಿಲ್ಲಾ ತಟ್ಟನೆ ನಿಂತು, ಹೊಂಡದ ಕಡೆ ನೋಡಿ, ನೀರು ಇಷ್ಟು ದಿನ ನಿಂತದ್ದು ಇದರಿಂದಲೇ ಇರಬೇಕು, ತಳದಲ್ಲೆಲ್ಲ ಇದೇ ಹಾಸಿದೆಯಲ್ಲ ಎಂದಳು. ಕಲ್ಲು ಜರಡಿಯಾದರೇನು, ಅಡಿಯಲ್ಲಿ ಶೇಡಿಯ ತಟ್ಟೆ ಉಂಟು. ಕಲ್ಲು ಮುಗಿಯದಿದ್ದರೆ ಆ ತಟ್ಟೆ ಎಂದೂ ಕಾಣುತ್ತಿರಲಿಲ್ಲ.

ಗೋಡೆ ಆರಲು ಎಂಟು ದಿನ ಬಿಟ್ಟರು. ಒಂಬತ್ತನೆಯ ದಿನ ವಾಲ್ವು ಮುಚ್ಚಬೇಕು. ಗೋಡೆ ತಡೆಯದಿದ್ದರೆ ಒಳಗಿರುವವನ ಗತಿ ನೆಟ್ಟಗಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮುದ್ದಣ್ಣ ತಾನು ಹೋಗುತ್ತೇನೆ ಎಂದ. ತೂತು ತನ್ನದು ಎಂದು ಲೆಸ್ಲಿ ಅವನನ್ನು ಬದಿಗೆ ಸರಿಸಿ ಟಾರ್ಚು ಹಿಡಿದು ಒಳಗೆ ಬಾಗಿದ.

ವಾಲ್ವು ತಿರುಗಿಸುತ್ತಾ ಬಂದ ಹಾಗೆ ಪೈಪಿನ ನೀರು ಸಣ್ಣದಾಯಿತು, ನೂಲಾಯಿತು, ಹನಿಯಾಯಿತು, ನಿಂತಿತು. ಒಮ್ಮೆಗೇ ಬಂದ ಆ ಮೌನಕ್ಕೆ ಲೆಸ್ಲಿಯ ಕಿವಿ ಕುಟ್ಟತೊಡಗಿತು. ಗೋಡೆಯ ಆಚೆ ಹದಿಮೂರು ಸಾಲು ನೀರು ಒರಗಿ ನಿಂತಿದೆ. ಅವನು ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ, ಗೊತ್ತಿದ್ದ ಪ್ರಾರ್ಥನೆಯನ್ನೆಲ್ಲ ಹೇಳಿದ. ಕಲ್ಲು ತಣ್ಣಗಿತ್ತು. ಅರ್ಧ ಗಂಟೆ ಕಳೆದರೂ ಕೈ ಒದ್ದೆಯಾಗಲಿಲ್ಲ. ಹೊರಗೆ ಬಂದಾಗ ಪೆಟ್ರೋನಿಲ್ಲಾ ಸುರಂಗದ ಬಾಯಿಗೆ ಅಂಟಿಕೊಂಡು ನಿಂತಿದ್ದಳು. ಅವಳು ಅವನ ಮುಖಕ್ಕೆ ಅಂಟಿದ ಮಣ್ಣನ್ನು ಸೆರಗಿನಿಂದ ಒರೆಸಿದಳು, ಎಲ್ಲರ ಎದುರಿಗೇ.

ಆ ವರ್ಷ ಬಿಸುವೂ ಶುಭ ಶುಕ್ರವಾರವೂ ಒಂದೇ ದಿನ ಬಿದ್ದವು. ಭಟ್ಟರು ಮನೆಯಲ್ಲಿ ಬಿಸುಕಣಿ ನೋಡಿ, ಹಣೆಗೆ ಗಂಧ ಇಟ್ಟುಕೊಂಡು ಸ್ಕೂಟರಿನಲ್ಲಿ ಬಂದರು. ದಾರಿಯುದ್ದಕ್ಕೂ ಒಣಗಿದ ಬಾವಿ, ಟ್ಯಾಂಕರಿಗೆ ಕಾಯುವ ಕೊಡಗಳ ಸಾಲು ಕಂಡು ಬಂದ ಅವರು ಅಡ್ಕದ ಮೇಲೆ ಬಂದೊಡನೆ ಸ್ಕೂಟರು ನಿಲ್ಲಿಸಿದರು. ಕೆಂಪು ಕಲ್ಲಿನ ನಡುವೆ ಅಲಸಂಡೆಯ ಚಪ್ಪರ, ಸೌತೆಯ ಬಳ್ಳಿ, ಬೇಲಿಯ ಆಚೆ ಎರಡು ದನ. ಬೇಲಿಯ ಗೇಟು ತೆಗೆದು ಹೊಂಡದ ಅಂಚಿಗೆ ಬಂದು, ಕನ್ನಡಕ ಸರಿಮಾಡಿಕೊಂಡು, ಲೆಕ್ಕದ ಮಾಸ್ತರರಲ್ಲವೇ, ಬೆರಳು ಮಡಿಸಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಹನ್ನೊಂದು ಸಾಲು.

ಆಮೇಲೆ ಲೆಸ್ಲಿಯನ್ನು ಕೇಳಿದರು.

"ಅಲ್ಲ ಪೊರ್ಬುಗಳೇ, ಇಷ್ಟು ವರ್ಷ ಈ ನೀರು ಎಲ್ಲಿಗೆ ಹೋಗ್ತಾ ಇತ್ತು?"

"ನಾನು ಹೊರಗೆ ಹಾಕ್ತಾ ಇದ್ದೆ ಭಟ್ರೇ," ಎಂದ ಲೆಸ್ಲಿ. "ಅದೇ ನನ್ನ ಕೆಲಸ ಆಗಿತ್ತು."

ಭಟ್ಟರು ಹೊಂಡ ಸಂಘಕ್ಕೆ ಎಂದು ಅಲ್ಲೇ ಹೇಳಿದರು, ಕಾಗದ ಮಾಡಿಸುವ ದಿನವನ್ನೂ ಹೇಳಿದರು. ಹೊಸಂಗಡಿಯವನಿಗೆ ತಾನೇ ಫೋನು ಮಾಡುತ್ತೇನೆ ಎಂದರು. ಅಮ್ಮು ಅವರಿಗೆ ಒಂದು ಚೀಲ ಅಲಸಂಡೆ ಕೊಟ್ಟಳು. ಇನ್ನು ಮುರದಡ್ಕಕ್ಕೆ ನೀರಿನ ಮೇಲೆಯೇ ಬದುಕು ಎಂದು ಭಟ್ಟರು ತಮಾಷೆ ಮಾಡಿದಾಗ ಪೆಟ್ರೋನಿಲ್ಲಾ ಒಪ್ಪಲಿಲ್ಲ. ಒಂದೇ ವಸ್ತುವಿನ ಮೇಲೆ ಊರನ್ನೆಲ್ಲ ಕೂರಿಸಿದ್ದರ ರುಚಿ ಕಂಡಾಗಿದೆ, ಮುದ್ದಣ್ಣ ಅನಂತಪುರದ ಕೆಲಸ ಬಿಡುವುದಿಲ್ಲ, ಹುಡುಗಿಯರು ಇಬ್ಬರು ಹೊಲಿಗೆ ಕಲಿಯುತ್ತಿದ್ದಾರೆ, ಹೊಂಡ ಒಂದು ಕೈ ಅಷ್ಟೇ, ಉಳಿದ ಕೈಗಳೂ ಬೇಕು ಎಂದಳು.

ಹನ್ನೊಂದು ಗಂಟೆಗೆ ಊರಿನವರೆಲ್ಲ ಕೊಡ ಹಿಡಿದು ಗುಡ್ಡೆ ಇಳಿದರು. ಕುಡಿಯಲು ಅಲ್ಲಿಂದಲೇ ನೀರು ಹಿಡಿಯಬಹುದು ಎಂದು ಪಂಚಾಯತಿನವರು ಪರೀಕ್ಷೆ ಮಾಡಿಸಿ ಹೇಳಿದ್ದರು, ಕುದಿಸಿ ಕುಡಿಯಿರಿ ಎಂದೂ ಸೇರಿಸಿದ್ದರು. ಸುರಂಗದ ಬಾಯಿಯ ಪೊದೆಯೆಲ್ಲ ಕಡಿದು ದಾರಿ ಮಾಡಿಯಾಗಿತ್ತು. ಗೋಡೆಯ ಪೈಪಿಗೆ ಸೇರಿಸಿದ ಉದ್ದ ಪೈಪು ಬಾಯಿಯವರೆಗೆ ಬಂದಿತ್ತು, ವಾಲ್ವೂ ಅದರ ತುದಿಗೆ ಬಂದು ಕೂತಿತ್ತು. ಸಂಘದವರು ತೆರೆಯುವ ಮರ್ಯಾದೆಯನ್ನು ಲೆಸ್ಲಿಗೇ ಬಿಟ್ಟರು. ಮುದ್ದಣ್ಣ ಎಲ್ಲಿಂದಲೋ ಒಂದು ಅಗರಬತ್ತಿ ತಂದು ಕಲ್ಲಿನ ಸಂದಿಗೆ ಸಿಕ್ಕಿಸಿದ್ದ. ಎಲ್ಲರೂ ನಕ್ಕರು, ಉಪವಾಸದಲ್ಲಿದ್ದ ಲೆಸ್ಲಿಯೂ ನಕ್ಕ.

ವಾಲ್ವು ತಿರುಗಿಸಿದ. ನೀರು ಬಂತು. ಇಂಜಿನಿಲ್ಲ, ಡೀಸೆಲಿಲ್ಲ, ಸದ್ದಿಲ್ಲ. ಗುಡ್ಡೆಯ ಹೊಟ್ಟೆಯಿಂದ ತಾನಾಗಿ ಬಂತು. ಕೊಡಗಳು ಒಂದೊಂದಾಗಿ ತುಂಬಿದವು, ಹೆಂಗಸರು ಒಬ್ಬೊಬ್ಬರಾಗಿ ಮೇಲೆ ಹತ್ತಿದರು. ಕೊನೆಗೆ ಕುಂಞನ ಬಾಲ್ದಿಯೂ ತುಂಬಿತು.

ಎಲ್ಲರೂ ಹೋದ ಮೇಲೆ ಲೆಸ್ಲಿ ವಾಲ್ವು ಮುಚ್ಚಿದ. ಇಗರ್ಜಿಗೆ ಹೊತ್ತಾಯಿತು ಎಂದು ಪೆಟ್ರೋನಿಲ್ಲಾ ಮೇಲಿನಿಂದ ಕರೆದಳು. ಬಂದೆ ಎಂದವನು ಹೋಗಲಿಲ್ಲ. ಹೊಂಡವನ್ನು ಒಂಬತ್ತೇ ದಿನದಲ್ಲಿ ಖಾಲಿ ಮಾಡುತ್ತಿದ್ದ ಆ ಮನುಷ್ಯ ಪೈಪಿನ ಬಾಯಿಯ ಕೆಳಗೆ ಅಂಗೈ ಚಾಚಿ ಕೂತ. ತುಂಬಾ ಹೊತ್ತು ಕಾದ. ಒಂದು ಹನಿಯೂ ಬೀಳಲಿಲ್ಲ. ಒಣಗಿದ ಅಂಗೈಯನ್ನು ನೋಡಿಕೊಂಡು, ಮೀಸೆಯ ತುದಿ ತಿರುವಿ, ಎದ್ದು ಹೊರಟ.